ಲೇಸ್ ಅಂಗಡಿಯ ಬೋಣಿ

ನಾನು ಓದಿದ ಪದವಿಯ ಹೆಸರನ್ನು ನಮ್ಮ ಅಜ್ಜಿ ಒಂದು ಸಲವೂ ಪೂರ್ತಿಯಾಗಿ ಹೇಳಲಿಲ್ಲ. ಯಾರಾದರೂ ಕೇಳಿದರೆ, “ಅರ್ಧ ಅಂಗಡಿ ಓದು, ಅರ್ಧ ಕಂಪ್ಯೂಟ್ರು ಓದು” ಎಂದುಬಿಡುತ್ತಿದ್ದಳು. ಓದು ಮುಗಿಸಿ ಇಷ್ಟು ವರ್ಷವಾದರೂ ಅದಕ್ಕಿಂತ ಸರಿಯಾದ ವಿವರಣೆ ನನಗೂ ಸಿಕ್ಕಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ವಾಣಿಜ್ಯವನ್ನೂ ಕಂಪ್ಯೂಟರ್ ವಿಜ್ಞಾನವನ್ನೂ ಒಂದೇ ಪದವಿಯಲ್ಲಿ ಕಲಿಸುವ ಹೊಸ ಕೋರ್ಸೊಂದು ಹಲಸೂರು ಕೆರೆಯ ಹಿಂದಿನ ಕಾಲೇಜಿನಲ್ಲಿ ಶುರುವಾಗಿತ್ತು. ಆ ಸುದ್ದಿಯನ್ನು ಅಪ್ಪ ಊಟದ ಹೊತ್ತಿಗೆ ಮನೆಗೆ ತಂದರು. ರಾಮಮೂರ್ತಿ ನಗರದ ನಮ್ಮ ರಾಗಿ ಹೊಲಗಳೆಲ್ಲ ಆಗಲೇ ಸೈಟುಗಳಾಗಿದ್ದವು. ಉಳಿದ ತುಂಡಿನಲ್ಲಿ ಅಪ್ಪ ಬಾಡಿಗೆ ಮನೆಗಳ ಸಾಲು ಕಟ್ಟಿಸಿದ್ದರು. ವ್ಯವಹಾರ ನೋಡಿಕೊಳ್ಳುವುದಕ್ಕೆ ಮನೆಯಲ್ಲೊಬ್ಬರು ಬೇಕು, ಬಾಡಿಗೆಗೆ ಬರುವವರೆಲ್ಲ ಮಾತಾಡುವುದು ಕಂಪ್ಯೂಟರಿನ ವಿಷಯ, ಆದ್ದರಿಂದ ಈ ಕೋರ್ಸು ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಅವರ ವಾದ. ಎರಡು ದೋಣಿಯಲ್ಲಿ ಕಾಲಿಟ್ಟವರ ಗತಿ ಏನಾಗುತ್ತದೆ ಗೊತ್ತಾ ಎಂದು ಅಜ್ಜಿ ಕೇಳಿದಳು. ನಾನು ಅಪ್ಪನ ಪಕ್ಷ ಹಿಡಿದೆ. ನಿಜ ಹೇಳಬೇಕೆಂದರೆ ನನಗೆ ಹಕ್ಕಿಯೂ ಬೇಕಿರಲಿಲ್ಲ, ದೋಣಿಯೂ ಬೇಕಿರಲಿಲ್ಲ. ದಿನಾ ಬಸ್ಸಿನಲ್ಲಿ ಇಂದಿರಾನಗರ ದಾಟಿ ಹೋಗಬಹುದು ಎನ್ನುವುದೇ ಸಾಕಾಗಿತ್ತು.

ಕಾಲೇಜಿನಲ್ಲಿ ಎರಡು ಕಟ್ಟಡಗಳಿದ್ದವು. ರಸ್ತೆ ಬದಿಯದು ವಾಣಿಜ್ಯದ್ದು: ದಪ್ಪ ಕಲ್ಲಿನ ಗೋಡೆ, ಎತ್ತರದ ಸೂರು, ಸದ್ದು ಮಾಡುವುದನ್ನು ಬಿಟ್ಟರೆ ಬೇರೇನೂ ಮಾಡದ ಫ್ಯಾನುಗಳು. ಹಿಂದಿನದು ಕಂಪ್ಯೂಟರಿನದು: ಗಾಜಿನ ಬಾಗಿಲು, ಒಳಗೆ ಏಸಿ, ಹೊರಗೆ ‘ಪಾದರಕ್ಷೆಗಳನ್ನು ಇಲ್ಲಿಯೇ ಬಿಡಿ’ ಎಂಬ ಬೋರ್ಡು. ಉಳಿದವರೆಲ್ಲ ಒಂದೊಂದು ಕಟ್ಟಡಕ್ಕೆ ಸೇರಿದವರು. ನಾವು ಮಾತ್ರ ಗಂಟೆ ಹೊಡೆದಾಗಲೆಲ್ಲ ಪುಸ್ತಕ ಎದೆಗವಚಿಕೊಂಡು ಅಂಗಳ ದಾಟಿ ಓಡುತ್ತಿದ್ದೆವು. ವಾಣಿಜ್ಯದವರು ನಮ್ಮನ್ನು ‘ಮೆಷಿನ್ ಬ್ಯಾಚು’ ಎಂದು ಕರೆದರೆ, ಕಂಪ್ಯೂಟರಿನವರು ‘ಕಿರಾಣಿ ಬ್ಯಾಚು’ ಎಂದು ಕರೆಯುತ್ತಿದ್ದರು. ಎರಡೂ ವಿಭಾಗದವರಿಗೆ ನಾವು ಇನ್ನೊಂದು ಮನೆಯ ಮಕ್ಕಳು. ಅದಕ್ಕೇ ಇಬ್ಬರೂ ಪರೀಕ್ಷೆಯನ್ನು ಒಂದೇ ದಿನ ಇಟ್ಟು, ಅದು ಇನ್ನೊಬ್ಬರ ತಪ್ಪು ಎಂದು ಹೇಳುತ್ತಿದ್ದರು.

ಎಣಿಕೆಯ ವಿಷಯದಲ್ಲಂತೂ ಅವರಿಗೆ ಹೊಂದಿಕೆಯೇ ಇರಲಿಲ್ಲ. ವಾಣಿಜ್ಯದ ಮೇಡಂ ಎಲ್ಲವನ್ನೂ ಒಂದರಿಂದ ಶುರುಮಾಡಿಸುತ್ತಿದ್ದರು. ಕಂಪ್ಯೂಟರ್ ಸರ್ ಪ್ರಕಾರ ಮೊದಲನೆಯದು ಸೊನ್ನೆ. ಹಾಗಾದರೆ ಮೊದಲ ಬೆಂಚಿನವರು ಸೊನ್ನೆಯವರಾ ಸರ್ ಎಂದು ನಾನು ಕೇಳಿದೆ. ಮೊದಲ ಬೆಂಚಿನವರು ನಕ್ಕರು, ಸರ್ ನನ್ನನ್ನು ಹೊರಗೆ ಕಳಿಸಿದರು. ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಅಜ್ಜಿಗೆ ಇಬ್ಬರ ಮೇಲೂ ಬೇಸರವಾಯಿತು. ಅವಳು ಹೊಲವಿದ್ದ ಕಾಲದಲ್ಲಿ ರಾಗಿ ಅಳೆದವಳು. ಹೊಲ ಹೋದ ಮೇಲೂ ಅಂಗಡಿಯಿಂದ ತಂದ ರಾಗಿಯನ್ನು ಸೇರಿನಲ್ಲಿ ಅಳೆದೇ ಡಬ್ಬಕ್ಕೆ ಸುರಿಯುತ್ತಿದ್ದಳು. ಮೊದಲ ಸೇರು ಸುರಿಯುವಾಗ ‘ಒಂದು’ ಎನ್ನುತ್ತಿರಲಿಲ್ಲ. “ಲಾಭ” ಎನ್ನುತ್ತಿದ್ದಳು, ಆಮೇಲೆ ಎರಡು, ಮೂರು. ಯಾವ ಶುಭಕಾರ್ಯವನ್ನಾದರೂ ಸೊನ್ನೆಯಿಂದ ಶುರುಮಾಡುತ್ತಾರೇನೇ, ಅಂಥವರ ಹತ್ತಿರ ಏನು ಓದುತ್ತೀಯ ಎಂದು ಅವಳ ಪ್ರಶ್ನೆ. ನಾನು ಹಳೆಯ ಕಾಲದ ಮಾತೆಂದು ತಳ್ಳಿಹಾಕಿದೆ.

ಗೆಳತಿ ಸಿಕ್ಕಿದ್ದು ಆ ಪಾದರಕ್ಷೆ ಬೋರ್ಡಿನ ಕೆಳಗೆ. ಒಂದು ದಿನ ಲ್ಯಾಬಿನಿಂದ ಹೊರಗೆ ಬಂದರೆ ನನ್ನ ಹೊಸ ಚಪ್ಪಲಿ ಮಾಯ. ಅದರ ಜಾಗದಲ್ಲಿ ಅದೇ ಬಣ್ಣದ, ಉಂಗುಷ್ಟ ಕಿತ್ತುಹೋದ ಹಳೆಯ ಜೊತೆಯೊಂದು ಬಿದ್ದಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ಹಳೆಯ ಜೊತೆಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಗೇಟಿನವರೆಗೆ ಓಡಿ, ನನ್ನ ಚಪ್ಪಲಿ ಮೆಟ್ಟಿ ನಡೆಯುತ್ತಿದ್ದವಳನ್ನು ಹಿಡಿದೆ. ನಮ್ಮ ತರಗತಿಯವಳೇ, ಕಿಟಕಿ ಪಕ್ಕ ಕೂರುವವಳು. ಅವಳು ತನ್ನ ಕಾಲು ನೋಡಿಕೊಂಡಳು.

“ಅದಕ್ಕೇ ಇವತ್ತು ನಡಿಯೋಕೆ ಇಷ್ಟು ಚೆನ್ನಾಗಿತ್ತು” ಎಂದಳು.

ಬೈಯಬೇಕೆಂದು ಜೋಡಿಸಿಕೊಂಡಿದ್ದ ಮಾತೆಲ್ಲ ಹಾಳಾಯಿತು. ಚಪ್ಪಲಿ ವಾಪಸು ಕೊಟ್ಟು, ತನ್ನದನ್ನು ಹೊಲಿಸಬೇಕು, ಜೊತೆಗೆ ಬಾ ಎಂದು ನನ್ನನ್ನು ಶಿವಾಜಿನಗರಕ್ಕೆ ಕರೆದುಕೊಂಡು ಹೋದಳು. ಅಂದಿನಿಂದ ನಾವಿಬ್ಬರೂ ಒಂದೇ ಬೆಂಚು.

ಅವಳ ತಂದೆಯದು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಗುಂಡಿ ಮತ್ತು ಲೇಸಿನ ಅಂಗಡಿ. ಎರಡು ಮೆಟ್ಟಿಲು ಹತ್ತಿದರೆ ಗಾಜಿನ ಕೌಂಟರು, ಅದರ ಹಿಂದೆ ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ರಟ್ಟಿನ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯ ಮುಖಕ್ಕೂ ಒಳಗಿರುವ ಗುಂಡಿಯದೇ ಒಂದನ್ನು ಹೊಲಿದಿರುತ್ತಿದ್ದರು. ಒಂದು ಮೂಲೆಯಲ್ಲಿ ಹಾಸುಗೆಯಂಥ ಸಣ್ಣ ಗದ್ದಿಗೆ, ಪಕ್ಕದಲ್ಲಿ ಮರದ ಗಲ್ಲಾಪೆಟ್ಟಿಗೆ. ಅಲ್ಲಿ ಅವಳ ಅಬ್ಬಾ ಬಿಳಿ ಟೋಪಿ ಹಾಕಿಕೊಂಡು ಕೂತಿರುತ್ತಿದ್ದರು. ಗಿರಾಕಿ ತಮಿಳಿನವರಾದರೆ ತಮಿಳು, ಫ್ರೇಜರ್ ಟೌನಿನ ದೊರೆಸಾನಿಯಂಥವರಾದರೆ ಇಂಗ್ಲಿಷು, ನಮ್ಮಂಥವರಿಗೆ ಕನ್ನಡ, ಮಗಳಿಗೆ ಮಾತ್ರ ದಖನಿ ಉರ್ದು. ಟೀ ಕುಡಿಯುವುದಕ್ಕೂ ಅವರು ಅಂಗಡಿ ಬಿಟ್ಟು ಇಳಿದವರಲ್ಲ. ಎದುರಿನ ಹೋಟೆಲಿನಿಂದ ಗ್ಲಾಸು ಅವರಿದ್ದಲ್ಲಿಗೇ ಬರುತ್ತಿತ್ತು. ಮಧ್ಯಾಹ್ನದ ಊಟದ ಡಬ್ಬಿ ಮನೆಯಿಂದ ಬರುತ್ತಿತ್ತು, ಅದನ್ನು ತರುತ್ತಿದ್ದವಳು ನನ್ನ ಗೆಳತಿ. ಚಿಕ್ಕಂದಿನಿಂದಲೂ ಆ ಅಂಗಡಿಯಲ್ಲಿ ಅವಳಿಗಿದ್ದ ಕೆಲಸ ಅಷ್ಟೇ.

ನಾನು ಮೊದಲ ಸಲ ಹೋದಾಗ ಅವರು ಒಬ್ಬ ಟೈಲರಿಗೆ ಲೇಸು ಅಳೆಯುತ್ತಿದ್ದರು. ಹಿತ್ತಾಳೆ ತುದಿಯ ಗಜದ ಕೋಲಿಗೆ ಲೇಸನ್ನು ಹಚ್ಚಿ, “ಬರ್ಕತ್, ದೋ, ತೀನ್” ಎಂದು ಎಣಿಸಿದರು. ನಾನು ಕಿಸಕ್ಕನೆ ನಕ್ಕುಬಿಟ್ಟೆ. ಅವರು ಕೋಲು ನಿಲ್ಲಿಸಿ, ಯಾಕಮ್ಮ ಎಂದು ಕೇಳಿದರು. ನಮ್ಮಜ್ಜಿಯೂ ಹೀಗೇ, ಒಂದು ಎನ್ನುವ ಬದಲು ಲಾಭ ಅನ್ನುತ್ತಾಳೆ ಎಂದು ಹೇಳಿದೆ. ಅವರ ಮುಖ ಅರಳಿತು. ಬರ್ಕತ್ ಎಂದರೆ ದೇವರು ಕೊಡುವ ಏಳಿಗೆ, ನಿಮ್ಮಜ್ಜಿ ಹೇಳುವುದೂ ಅದೇ, ಮೊದಲನೆಯದನ್ನು ಮನುಷ್ಯ ಎಣಿಸಬಾರದು ಎಂದು ವಿವರಿಸಿದರು. ಅವತ್ತಿನಿಂದ ನಾನು ಅಂಗಡಿಗೆ ಹೋದಾಗಲೆಲ್ಲ, “ಬಾಮ್ಮಾ ಲಾಭ” ಎಂದೇ ಕರೆಯುತ್ತಿದ್ದರು.

ಇಷ್ಟು ಒಳ್ಳೆಯ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಕಲ್ಲು. ಅವರಿಗೆ ಗಂಡುಮಕ್ಕಳಿರಲಿಲ್ಲ. ಅಂಗಡಿಯನ್ನು ಅಣ್ಣನ ಮಗನಿಗೆ ವಹಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಅವನು ಇನ್ನೆಲ್ಲೋ ಪಾತ್ರೆ ವ್ಯಾಪಾರದಲ್ಲಿದ್ದ, ಗುಂಡಿಗೂ ಅವನಿಗೂ ಸಂಬಂಧವಿದ್ದದ್ದು ಅಂಗಿಯ ಮೇಲೆ ಮಾತ್ರ. ನನ್ನ ಗೆಳತಿಗೆ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ, ಆ ಗದ್ದಿಗೆ. ಅದಕ್ಕಾಗಿಯೇ ಅವಳು ಈ ಕೋರ್ಸು ಸೇರಿದ್ದಳು. ನಾನು ಬಸ್ಸಿಗಾಗಿ ಸೇರಿದವಳು, ಅವಳು ಅಂಗಡಿಗಾಗಿ ಸೇರಿದವಳು. ಅವಳು ಕೇಳಿದಾಗಲೆಲ್ಲ ಅಬ್ಬಾ ಬೈಯುತ್ತಿರಲಿಲ್ಲ, ಹೆಣ್ಣುಮಕ್ಕಳಿಗೆ ಯಾಕೆ ಎಂದೂ ಹೇಳುತ್ತಿರಲಿಲ್ಲ. ಅಂಗಡಿ ಓದಿನಿಂದ ಬರುವುದಿಲ್ಲ ಎಂದಷ್ಟೇ ನಗುತ್ತ ಹೇಳಿ ಕೋಲು ಕೈಗೆತ್ತಿಕೊಳ್ಳುತ್ತಿದ್ದರು. ಜಗಳವಾಡಿದರೆ ಎದುರಾಡಬಹುದು, ಹೀಗೆ ನಕ್ಕು ತಳ್ಳಿದರೆ ಏನು ಮಾಡುವುದು?

ಕೊನೆಯ ವರ್ಷ ಪ್ರಾಜೆಕ್ಟು ಬಂತು. ನಿಜವಾದ ಒಂದು ವ್ಯಾಪಾರಕ್ಕೆ ಪ್ರೋಗ್ರಾಂ ಬರೆದು, ಅದನ್ನು ಅಲ್ಲೇ ನಡೆಸಿ ತೋರಿಸಬೇಕು. ಎರಡೂ ವಿಭಾಗದವರು ಸ್ಥಳಕ್ಕೆ ಬಂದು ನೋಡಿ ಒಪ್ಪಬೇಕು. ಉಳಿದವರು ಎಂ.ಜಿ. ರೋಡಿನ ಕಡೆಯ ದೊಡ್ಡ ಆಫೀಸುಗಳ ಬಾಗಿಲು ಬಡಿದರು. ಅವಳು ನನ್ನ ಕಡೆ ತಿರುಗಿ, “ಗುರು, ನಮ್ಮಂಗಡಿ” ಎಂದಳು. ಮೂರು ವರ್ಷ ಕಾದು ಕೂತಿದ್ದ ಹಾಗಿತ್ತು ಅವಳ ಮುಖ.

ಅಬ್ಬಾ ಒಪ್ಪಿದ್ದು ಮಗಳು ಫೇಲಾಗಬಾರದು ಎಂಬ ಒಂದೇ ಕಾರಣಕ್ಕೆ. “ಪರೀಕ್ಷೆ ತನಕ ಇಟ್ಕೊಳ್ರಮ್ಮ. ಆಮೇಲೆ ಮೆಷಿನ್ ಎತ್ಕೊಂಡು ಜಾಗ ಖಾಲಿ ಮಾಡ್ಬೇಕು, ಅವನು ಬರ್ತಾನೆ” ಎಂದು ನನ್ನ ಕಡೆ ನೋಡಿ ಹೇಳಿದರು. ಅವನು ಎಂದರೆ ಅಣ್ಣನ ಮಗ. ಅವಳು ತಲೆಯಾಡಿಸಿದಳು. ಹೊರಗೆ ಬಂದ ಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದು, ಅಷ್ಟರಲ್ಲಿ ನನಗೆ ಅಂಗಡಿ ಬರುತ್ತದೆಂದು ಅವರಿಗೆ ಅನ್ನಿಸಬೇಕು, ಇಲ್ಲದಿದ್ದರೆ ಮುಗಿಯಿತು ಎಂದಳು.

ಕಂಪ್ಯೂಟರೂ ಅದರ ಪ್ರಿಂಟರೂ ನಮ್ಮ ಮನೆಯವು. ಬಾಡಿಗೆಯವರೊಬ್ಬರು ಹೊಸದನ್ನು ತಂದಾಗ ಹಳೆಯದು ಅಪ್ಪನ ಪಾಲಿಗೆ ಬಂದಿತ್ತು. ಮಾನಿಟರನ್ನು ಅಜ್ಜಿಯ ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಆಟೋದಲ್ಲಿ ಹಳೆ ಮದ್ರಾಸ್ ರಸ್ತೆಯ ಹಳ್ಳಗಳನ್ನೆಲ್ಲ ದಾಟಿ ಶಿವಾಜಿನಗರಕ್ಕೆ ತಂದೆವು. ಪ್ರತಿ ಹಳ್ಳಕ್ಕೂ ನಾನು ಅಯ್ಯೋ ಎನ್ನುತ್ತಿದ್ದೆ. ಆಟೋದವರು ಕನ್ನಡಿಯಲ್ಲಿ ನೋಡಿ, ಮಗು ಎಷ್ಟು ತಿಂಗಳದ್ದು ಎಂದು ಕೇಳಿದರು. ನನ್ನ ಗೆಳತಿ ಹಲಸೂರು ಬರುವವರೆಗೂ ನಕ್ಕಳು.

ಕೆಲಸ ಮಾತ್ರ ನಾವಂದುಕೊಂಡ ಹಾಗೆ ಸುಲಭವಿರಲಿಲ್ಲ. ಕಂಪ್ಯೂಟರಿಗೆ ಪ್ರತಿಯೊಂದಕ್ಕೂ ಹೆಸರು ಬೇಕು, ಆ ಅಂಗಡಿಯಲ್ಲಿ ಯಾವ ಗುಂಡಿಗೂ ಹೆಸರಿರಲಿಲ್ಲ. ಟೈಲರುಗಳು ಬಂದು, ಮೀನಿನ ಕಣ್ಣಿನಂಥದು ಕೊಡಿ, ಹೋದ ಸಲದ್ದಕ್ಕಿಂತ ಒಂಚೂರು ಮಂಕಾದ್ದು ಕೊಡಿ ಎನ್ನುತ್ತಿದ್ದರು, ಅಬ್ಬಾ ತಿರುಗಿ ನೋಡದೆ ಕೈ ಚಾಚಿ ಪೆಟ್ಟಿಗೆ ತೆಗೆಯುತ್ತಿದ್ದರು. ನಮಗೆ ಬೆಳಿಗ್ಗೆ ತರಗತಿ. ಆದ್ದರಿಂದ ದಿನಾ ಊಟದ ಡಬ್ಬಿಯ ಜೊತೆಗೇ ಅಂಗಡಿಗೆ ಹೋಗಿ, ಸಂಜೆಯವರೆಗೆ ಗುಂಡಿಗಳಿಗೆ ನಾಮಕರಣ ಮಾಡುತ್ತಿದ್ದೆವು. ಅವಳು ಏಣಿಯ ಮೇಲೆ ನಿಂತು ಹೆಸರು ಕೂಗುವುದು, ನಾನು ಟೈಪು ಮಾಡುವುದು. ಅವಳಿಗೆ ಗುಂಡಿಯ ಬಣ್ಣ, ತೂತು, ಯಾವ ಟೈಲರಿಗೆ ಯಾವುದು, ಎಲ್ಲ ಗೊತ್ತಿತ್ತು. ಡಬ್ಬಿ ತಂದವಳು ಅದು ಖಾಲಿಯಾಗುವವರೆಗೆ ಕಾಯುತ್ತ ಇಷ್ಟು ವರ್ಷ ಇದನ್ನೆಲ್ಲ ನೋಡಿಕೊಂಡಿದ್ದಳು. ಅಬ್ಬಾ ಕೆಳಗೆ ಕೂತು, ಕೇಳಿಸಿಕೊಂಡರೂ ಕೇಳಿಸದವರ ಹಾಗೆ ಇರುತ್ತಿದ್ದರು. ಒಂದು ಹೆಸರು ಅವಳು ತಪ್ಪು ಹೇಳಿದರೆ ಮಾತ್ರ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ನಮ್ಮ ಪ್ರೋಗ್ರಾಮಿನಲ್ಲಿ ನಮಗಿಬ್ಬರಿಗೂ ಬಹಳ ಹೆಮ್ಮೆಯ ಒಂದು ನಿಯಮವಿತ್ತು. ಯಾವ ಸಾಮಾನನ್ನೂ ಅದರ ಖರೀದಿ ಬೆಲೆಗಿಂತ ಕಡಿಮೆಗೆ ಮಾರಲು ಅದು ಬಿಡುತ್ತಿರಲಿಲ್ಲ. ಬೆಲೆ ಕೆಳಗಿಳಿದರೆ ಕೀ ಎಂದು ಕೂಗಿ, ನಷ್ಟದ ಮಾರಾಟ, ಸಾಧ್ಯವಿಲ್ಲ ಎಂದು ಇಂಗ್ಲಿಷಿನಲ್ಲಿ ತೋರಿಸಿ ನಿಂತುಬಿಡುತ್ತಿತ್ತು. ವಾಣಿಜ್ಯದ ಮೇಡಂ ಇದನ್ನು ಕೇಳಿ, ನಾನು ಮೂರು ವರ್ಷ ಕಲಿಸಿದ್ದರ ಸಾರ ಇದೇ ಎಂದರು. ಕಂಪ್ಯೂಟರ್ ಸರ್, ಹಾಕುವ ಮಾಹಿತಿಯನ್ನು ಹೀಗೆ ತಡೆದು ಪರೀಕ್ಷಿಸಬೇಕು ನೋಡಿ ಎಂದು ಉಳಿದವರಿಗೆ ಉದಾಹರಣೆ ಕೊಟ್ಟರು. ಸೊನ್ನೆಯೋ ಒಂದೋ ಎಂಬುದರಲ್ಲೂ ಒಮ್ಮತವಿಲ್ಲದ ಎರಡು ವಿಭಾಗಗಳು ಇದೊಂದನ್ನು ಒಟ್ಟಿಗೆ ಹೊಗಳಿದವು. ಅಲ್ಲೇ ನಮಗೆ ಅನುಮಾನ ಬರಬೇಕಾಗಿತ್ತು.

ಮೇಷ್ಟರುಗಳು ಅಂಗಡಿಗೆ ಬರುವ ದಿನ ಬಂತು. ಕಾಲೇಜು ಶುರುವಾಗುವ ಮೊದಲೇ ನೋಡಿಕೊಂಡು ಹೋಗುತ್ತೇವೆಂದು ಅವರು ಹೇಳಿದ್ದರಿಂದ ನಾವು ಮೊದಲ ಬಾರಿಗೆ ಬೆಳಿಗ್ಗೆ ಅಂಗಡಿಗೆ ಹೋದೆವು. ಅಬ್ಬಾ ಶಟರ್ ಎತ್ತಿ, ಲೋಬಾನದ ಹೊಗೆ ಹಾಕಿ, ಗದ್ದಿಗೆಯಲ್ಲಿ ಕೂತಿದ್ದರು. ಇನ್ನೂ ಒಬ್ಬ ಗಿರಾಕಿಯೂ ಬಂದಿರಲಿಲ್ಲ. ಮೇಡಂ ಮತ್ತು ಸರ್ ಮೆಟ್ಟಿಲು ಹತ್ತಿ ಬಂದರು. ಸರ್ ಕಂಪ್ಯೂಟರ್ ಮುಂದೆ ನಿಂತು, ಎಲ್ಲಿ, ಒಂದು ಸುಳ್ಳು ಬಿಲ್ ಮಾಡಿ ತೋರಿಸಿ ಎಂದರು. ಅಬ್ಬಾ ತಕ್ಷಣ ಕೈ ಎತ್ತಿದರು. ಬೋಣಿಗೆ ಮುಂಚೆ ಸುಳ್ಳು ವ್ಯಾಪಾರ ಬೇಡ, ದಿನವೆಲ್ಲ ಹಾಗೇ ಆಗುತ್ತದೆ ಎಂದು ವಿನಯವಾಗಿಯೇ ಹೇಳಿದರು.

ಶಿವಾಜಿನಗರದಲ್ಲಿ ಬೋಣಿ ಎಂದರೆ ತಮಾಷೆಯಲ್ಲ. ದಿನದ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಅವರು ಏನು ಕೇಳಿದರೂ, ಎಷ್ಟಕ್ಕೆ ಕೇಳಿದರೂ, ಹೇಗಾದರೂ ಹೊಂದಿಸಿ ಕೊಟ್ಟೇ ಕಳಿಸಬೇಕು. ಹಿಂದೂ ಅಂಗಡಿ, ಮುಸ್ಲಿಂ ಅಂಗಡಿ, ತಳ್ಳುಗಾಡಿ, ಎಲ್ಲರಿಗೂ ಅದೇ ಧರ್ಮ. ನನ್ನ ಗೆಳತಿ ಮೇಡಂ ಕಡೆ ತಿರುಗಿ, ಹಾಗಾದರೆ ನೀವೇ ಏನಾದರೂ ನಿಜವಾಗಿ ತೆಗೆದುಕೊಳ್ಳಿ ಮೇಡಂ ಎಂದಳು. ಮೇಡಂ ಖುಷಿಯಾಗಿ ಒಂದು ಜರಿ ಅಂಚು ಆರಿಸಿದರು. ಬೆಲೆ ಕೇಳಿದರು. ಮೂರು ವರ್ಷ ನಮಗೆ ಲಾಭಾಂಶ ಕಲಿಸಿದ ಅದೇ ಮೇಡಂ, ಕೌಂಟರಿನ ಈಚೆ ಬಂದ ಕೂಡಲೇ ಯಾವ ಕರುಣೆಯೂ ಇಲ್ಲದೆ ಅರ್ಧಕ್ಕೆ ಕೇಳಿದರು. ಚೌಕಾಸಿ ರಕ್ತದಲ್ಲೇ ಇರುತ್ತದೆ, ಪದವಿಯಿಂದ ಹೋಗುವುದಿಲ್ಲ. ನನ್ನ ಗೆಳತಿ ಅಬ್ಬಾನ ಕಡೆ ನೋಡಲಿಲ್ಲ. “ಆಯ್ತು ಮೇಡಂ, ಬೋಣಿ, ತಗೊಳ್ಳಿ” ಎಂದಳು.

ನಾನು ಬೆಲೆ ಒತ್ತಿದೆ. ಕಂಪ್ಯೂಟರ್ ಕೀ ಎಂದಿತು.

ನಷ್ಟದ ಮಾರಾಟ, ಸಾಧ್ಯವಿಲ್ಲ. ಪರದೆಯ ಮೇಲೆ ಹಸಿರು ಅಕ್ಷರಗಳು ಮಿನುಗುತ್ತ ನಿಂತವು. ಸರ್ ಮುಖದಲ್ಲಿ ಸಂತೋಷವೋ ಸಂತೋಷ. ನೋಡಿ ಮೇಡಂ, ನಿಮ್ಮನ್ನೇ ತಡೆಯಿತು ಎಂದರು. ಮೇಡಂ ಕೂಡ ನಕ್ಕು, ಸರಿಯಾಗಿಯೇ ಇದೆ, ನನಗೆ ಅಂಚು ಬೇಡ ಬಿಡಿ, ನಿಮ್ಮ ಪ್ರಾಜೆಕ್ಟ್ ಪಾಸು ಎಂದು ಕೈಯಲ್ಲಿದ್ದುದನ್ನು ಕೌಂಟರಿನ ಮೇಲೆ ಇಟ್ಟರು. ಇಬ್ಬರೂ ಒಪ್ಪಿಬಿಟ್ಟಿದ್ದರು. ನಾವು ಸುಮ್ಮನೆ ನಿಂತಿದ್ದರೆ ಸಾಕಿತ್ತು. ನನಗೆ ಕುಣಿಯುವಷ್ಟು ಆನಂದ. ಗದ್ದಿಗೆಯ ಕಡೆ ನೋಡಿದೆ. ಅಬ್ಬಾ ಕಣ್ಣು ಮುಚ್ಚಿಕೊಂಡಿದ್ದರು, ಮೊದಲ ಗಿರಾಕಿ ವಾಪಸು ಹೋಗುವುದನ್ನು ನೋಡಲಾರದೆ.

ನನ್ನ ಗೆಳತಿ ಕೌಂಟರ್ ಒರೆಸುವ ಬಟ್ಟೆ ತೆಗೆದುಕೊಂಡು ಮಾನಿಟರಿನ ಮೇಲೆ ಹೊದಿಸಿದಳು. ಜರಿ ಅಂಚನ್ನು ಗಜದ ಕೋಲಿಗೆ ಹಚ್ಚಿ, ಬಾಯಲ್ಲೇ ಏನೋ ಹೇಳಿಕೊಂಡು ಅಳೆದಳು, ಕತ್ತರಿಸಿದಳು, ಪೊಟ್ಟಣ ಕಟ್ಟಿ ಮೇಡಂ ಕೈಗೆ ಕೊಟ್ಟಳು. ಅವರು ಕೇಳಿದ ಬೆಲೆಯನ್ನೇ ತೆಗೆದುಕೊಂಡು, ಎರಡೂ ಕಣ್ಣಿಗೆ ಒತ್ತಿಕೊಂಡು, ಅಬ್ಬಾನ ಪಕ್ಕದ ಗಲ್ಲಾಪೆಟ್ಟಿಗೆಗೆ ಹಾಕಿದಳು.

ಸರ್‌ಗೆ ಸಿಟ್ಟು ಬಂತು. “ನೀವು ಬರೆದ ಸಿಸ್ಟಮ್‌ನ ನೀವೇ ಮುಚ್ಚಿಟ್ರೆ ಇನ್ಯಾರಮ್ಮ ಬಳಸ್ತಾರೆ? ಇದನ್ನ ಹೇಗೆ ಪಾಸ್ ಮಾಡ್ಲಿ?”

“ಸರ್, ಕಂಪ್ಯೂಟರ್‌ಗೆ ಮೊದಲನೇ ಗಿರಾಕಿ ಯಾರು ಅಂತ ಗೊತ್ತಿಲ್ಲ. ಅಂಗಡಿಗೆ ಗೊತ್ತು. ಮಾರ್ಕ್ಸ್ ಬೇಕಾದ್ರೆ ಕಟ್ ಮಾಡಿ, ಬೋಣಿ ಮಾತ್ರ ವಾಪಸ್ ಕಳ್ಸಕ್ಕಾಗಲ್ಲ” ಎಂದಳು.

ಮೇಡಂ ಪೊಟ್ಟಣ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದರು. ಪೂರ್ತಿ ಬೆಲೆ ಕೊಡುತ್ತೇನೆ ಎಂದರು. ಬೋಣಿ ಆಗಿಹೋಯಿತು, ಬದಲಾಯಿಸುವ ಹಾಗಿಲ್ಲ ಎಂದು ಅವಳು ಒಪ್ಪಲಿಲ್ಲ. ಕೊನೆಗೆ ಮೇಡಂ ಅವರೇ ಸರ್‌ ಅವರನ್ನು ಸಮಾಧಾನ ಮಾಡಿ, ಮುಂದಿನ ವಾರ ಕಾಲೇಜಿನಲ್ಲಿ ಮೌಖಿಕ ಪರೀಕ್ಷೆ ಇದೆಯಲ್ಲ, ಅಷ್ಟರಲ್ಲಿ ಇದನ್ನು ಪ್ರೋಗ್ರಾಮಿನೊಳಗೇ ತರಲಿ ಎಂದರು. ತಂದರೆ ನೋಡೋಣ ಎಂದು ಸರ್ ಇಳಿದು ಹೋದರು. ಅಬ್ಬಾ ಎದುರಿನ ಹೋಟೆಲಿಗೆ ಕೈ ಮಾಡಿದರು. ಟೀ ತರಿಸಿ ನಮ್ಮಿಬ್ಬರಿಗೂ ಕೊಟ್ಟರು, ಮಗಳ ಮುಖ ನೋಡಲಿಲ್ಲ. ಅವರಿಗೆ ಸಿಟ್ಟು ಬಂದಿದೆಯೋ, ಮರುಕವೋ, ಏನೂ ತಿಳಿಯಲಿಲ್ಲ.

ಲ್ಯಾಬಿಗೆ ವಾಪಸು ಬಂದ ಮೇಲೆ ನಾನು ಅವಳ ಮೇಲೆ ಹರಿಹಾಯ್ದೆ. ಹುಟ್ಟಿದಾಗಿನಿಂದ ಆ ಅಂಗಡಿಯ ಅನ್ನ ತಿಂದವಳು, ಬೋಣಿ ಎಂದರೇನೆಂದು ಗೊತ್ತಿದ್ದವಳು, ಆ ನಿಯಮ ಬರೆಯುವಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಉಸಿರಾಡೋದು ಗೊತ್ತು ಅಂತ ಅದನ್ನ ಯಾರಾದ್ರೂ ಪ್ರೋಗ್ರಾಮ್‌ನಲ್ಲಿ ಬರೀತಾರಾ?” ಎಂದಳು. ಆಮೇಲೆ, ತಾನು ಬೆಳಗಿನ ಅಂಗಡಿಯನ್ನು ಇವತ್ತೇ ಮೊದಲು ನೋಡಿದ್ದು, ಡಬ್ಬಿ ಹೋಗುವುದು ಯಾವಾಗಲೂ ಮಧ್ಯಾಹ್ನವಲ್ಲವಾ ಎಂದಳು. ನನ್ನ ಸಿಟ್ಟು ಇಳಿದುಹೋಯಿತು. ಲಾಭ, ಎರಡು, ಮೂರು ಎನ್ನುವ ಅಜ್ಜಿಯ ಮಡಿಲಲ್ಲೇ ಬೆಳೆದ ನನಗೂ ಅದು ಹೊಳೆದಿರಲಿಲ್ಲ, ಇನ್ನು ಯಾರಿಗೆ ಏನು ಹೇಳುವುದು?

ತಿದ್ದುವುದು ಕಷ್ಟವಾಗಲಿಲ್ಲ. ದಿನದ ಮೊದಲ ಬಿಲ್ಲಿಗೆ ನಿಯಮ ಅನ್ವಯಿಸದು, ಎರಡನೆಯದರಿಂದ ಅನ್ವಯಿಸುತ್ತದೆ, ಅಷ್ಟೇ. ಆದರೆ ಆ ಮೊದಲ ಬಿಲ್ಲಿಗೆ ಯಾವ ಸಂಖ್ಯೆ ಹಾಕುವುದು ಎಂದು ನಾವಿಬ್ಬರೂ ಜಗಳಕ್ಕೆ ಬಿದ್ದೆವು. ಸರ್ ಹೇಳಿದ ಸೊನ್ನೆಯೋ, ಮೇಡಂ ಹೇಳಿದ ಒಂದೋ? ನಾನು ಲಾಭ ಎಂದು ಹಾಕೋಣ ಎಂದೆ. ಅಂಗಡಿ ಯಾರದ್ದು ಎಂದು ಅವಳು ಕೇಳಿದಳು. ಸೋತೆ. ಮೊದಲ ಬಿಲ್ಲಿನ ಮೇಲೆ ಸಂಖ್ಯೆಯೇ ಇಲ್ಲ, ‘ಬರ್ಕತ್’ ಎಂದು ಅಚ್ಚಾಗುತ್ತದೆ. ತಿದ್ದಿದ್ದನ್ನು ಫ್ಲಾಪಿಯಲ್ಲಿ ತಂದು ಅಂಗಡಿಯ ಮೆಷಿನ್ನಿಗೂ ಹಾಕಿದೆವು. ಮೌಖಿಕ ಪರೀಕ್ಷೆಯಲ್ಲಿ ಸರ್ ಆ ಸಾಲನ್ನು ಓದಿ, ಇದೇನು ಎಂದು ಕೇಳಿ, ವಿವರಣೆ ಕೇಳಿಸಿಕೊಂಡು, ತಮ್ಮ ತಾತನ ಬಟ್ಟೆ ಅಂಗಡಿಯಲ್ಲೂ ಹೀಗೇ ಮಾಡುತ್ತಿದ್ದರು ಎಂದು ಒಪ್ಪಿಕೊಂಡರು. ಆದರೂ ಬಟ್ಟೆ ಹೊದಿಸಿದ್ದಕ್ಕೆ ಅಂಕ ಕಡಿದೇ ಕಡಿದರು. ಪಾಸಾದೆವು.

ಮಾತಿನ ಪ್ರಕಾರ ಮರುದಿನ ಬೆಳಿಗ್ಗೆಯೇ ಮೆಷಿನ್ ಎತ್ತಬೇಕು. ನಾನು ಅಜ್ಜಿಯ ಕಂಬಳಿ ತಂದಿದ್ದೆ, ಆಟೋ ಗಲ್ಲಿಯ ತುದಿಯಲ್ಲಿ ನಿಂತಿತ್ತು. ಅವಳು ದಾರಿಯುದ್ದಕ್ಕೂ ಕಂಬಳಿಯ ದಾರ ಕೀಳುತ್ತ ಬಂದಳು. ಪಾಸಾದ ಸಂತೋಷವೆಲ್ಲ ಹಾರಿಹೋಗಿ, ಅವಳನ್ನು ನೋಡಿ ನನಗೆ ಅಳುವೇ ಬಂತು. ಅಂಗಡಿಯಲ್ಲಿ ಲೋಬಾನದ ಹೊಗೆ ಇನ್ನೂ ಆಡುತ್ತಿತ್ತು. ಗದ್ದಿಗೆ ಖಾಲಿಯಿತ್ತು. ಅಬ್ಬಾ ಕೌಂಟರಿನ ಹೊರಗೆ, ಗಿರಾಕಿಗಳು ನಿಲ್ಲುವ ಜಾಗದಲ್ಲಿ, ಎರಡೂ ಕೈ ಗಾಜಿನ ಮೇಲಿಟ್ಟು ನಿಂತಿದ್ದರು.

“ಯಾರೂ ಇಲ್ವಾ ಅಂಗಡೀಲಿ? ಎಷ್ಟು ಹೊತ್ತು ಕಾಯ್ಬೇಕಮ್ಮ ಗಿರಾಕಿ?” ಎಂದು ಮಗಳನ್ನು ಕನ್ನಡದಲ್ಲಿ ಕೇಳಿದರು. ಮಗಳ ಜೊತೆ ಅವರು ಕನ್ನಡ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದು ಗಿರಾಕಿಯ ಕನ್ನಡ.

ಅವಳು ಖಾಲಿ ಗದ್ದಿಗೆಯನ್ನು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಕೌಂಟರಿನ ಒಳಗೆ ಹೋಗಿ, ಕಂಪ್ಯೂಟರ್ ಹಾಕಿ, ಏನು ಕೊಡಲಿ ಎಂದು ಕೇಳಿದಳು. ಮೀನಿನ ಕಣ್ಣಿನಂಥ ಗುಂಡಿ ಬೇಕು ಎಂದರು. ಅವಳು ತಿರುಗಿ ನೋಡದೆ ಕೈ ಚಾಚಿ ಪೆಟ್ಟಿಗೆ ತೆಗೆದಳು. ಅವರು ಬೆಲೆ ಕೇಳಿದರು, ಕೇಳಿ ತಲೆ ಅಲ್ಲಾಡಿಸಿದರು, ನಾಚಿಕೆಯಾಗುವಷ್ಟು ಕಡಿಮೆ ಬೆಲೆ ಹೇಳಿದರು. ಮೇಡಂ ಕೂಡ ಅಷ್ಟು ಇಳಿಸಿರಲಿಲ್ಲ. ಅವಳು ಅದನ್ನೇ ಒತ್ತಿದಳು. ಕಂಪ್ಯೂಟರ್ ಕೂಗಲಿಲ್ಲ. ಪ್ರಿಂಟರು ಕರಕರನೆ ಸದ್ದು ಮಾಡಿ ಬಿಲ್ಲನ್ನು ಹೊರಗೆ ತಳ್ಳಿತು. ಅಬ್ಬಾ ಅದನ್ನು ಕನ್ನಡಕ ಸರಿಮಾಡಿಕೊಂಡು ಓದಿದರು. ಸಂಖ್ಯೆ ಇರಬೇಕಾದ ಜಾಗದಲ್ಲಿ ಇದ್ದ ಪದವನ್ನು ಓದಿ, ಮತ್ತೊಮ್ಮೆ ಓದಿ, ಟೋಪಿ ತೆಗೆದು ಅದರೊಳಗೆ ಬಿಲ್ಲನ್ನು ಇಟ್ಟು, ಟೋಪಿ ಹಾಕಿಕೊಂಡರು. ಅವಳು ಅವರು ಕೊಟ್ಟ ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದಳು. ಹಾಕಲು ಅವಳು ಗದ್ದಿಗೆಯಲ್ಲಿ ಕೂರಲೇಬೇಕಾಯಿತು.

“ಟೀ ಕುಡ್ಕೊಂಡು ಬರ್ತೀನಮ್ಮ ಲಾಭ” ಎಂದು ನನಗೆ ಹೇಳಿ ಅವರು ಮೆಟ್ಟಿಲಿಳಿದು ಹೋದರು. ನಾನು ಗಲ್ಲಿಯ ತುದಿಗೆ ಓಡಿ ಆಟೋದವರನ್ನು ಕಳಿಸಿ ಬಂದೆ. ಅವರು ಗೊಣಗಿದರು, ನಾನೂ ಎರಡು ಮಾತು ಆಡಿದೆ, ಅವತ್ತು ಯಾರ ಜೊತೆ ಬೇಕಾದರೂ ಜಗಳವಾಡುವಷ್ಟು ಖುಷಿಯಿತ್ತು. ಕಂಬಳಿಯನ್ನು ಮಡಚಿ ಏಣಿಯ ಮೇಲಿಟ್ಟೆ. ಟೀಗೆ ಹೋದ ಅಬ್ಬಾ ಬೆಳಿಗ್ಗೆಯೆಲ್ಲ ಬರಲಿಲ್ಲ. ಟೈಲರುಗಳು ಬಂದರು, ಗದ್ದಿಗೆ ನೋಡಿದರು, ಅತ್ತಿತ್ತ ನೋಡಿದರು, ಕೊನೆಗೆ ತಮಗೆ ಬೇಕಾದ ಗುಂಡಿ ಕೇಳಿದರು.

ಮಧ್ಯಾಹ್ನ ಅವರು ವಾಪಸು ಬಂದಾಗ ಅಂಗಡಿಯಲ್ಲಿ ಮದುವೆ ಸಾಮಾನಿನವರು ತುಂಬಿದ್ದರು, ಅವಳು ಲೇಸು ಅಳೆಯುತ್ತಿದ್ದಳು. ಅಬ್ಬಾ ಒಳಗೆ ಬರಲಿಲ್ಲ. ವ್ಯಾಪಾರ ಮುಗಿಯುವವರೆಗೆ ಮೆಟ್ಟಿಲ ಕೆಳಗೆ ಬಿಸಿಲಲ್ಲೇ ನಿಂತಿದ್ದರು, ಕೈಯಲ್ಲಿ ಮಗಳಿಗೆ ಮನೆಯಿಂದ ತಂದ ಊಟದ ಡಬ್ಬಿಯಿತ್ತು.